ದೊರೆ ಕೈ ಎತ್ತುವ ಮುಂಚಿನ ಹುಕುಂ

“ಕೇಳಿರಪ್ಪೋ ಕೇಳಿ. ಆಸ್ಥಾನದಲ್ಲಿ ಪರದೆಗೆ ಚಿತ್ರ ಬಿಡುವ ವಿಡಿಯೊ ಸರ್ವರ್ ನಡೆಸುವ ಬೊಮ್ಮಣ್ಣ ದೊರೆಗೆ ಮೂರು ಒಗಟು ಹೇಳಿದ್ದಾನೆ. ನಾಳೆ ಮಧ್ಯಾಹ್ನದೊಳಗೆ ಅವನ್ನು ಬಿಡಿಸಿ, ಯಂತ್ರ ನಡೆಸಿ ತೋರಿಸಿದವರಿಗೆ ಕೇಳಿದ್ದು ಕೊಡಲಾಗುವುದು. ಯಾರೂ ಬಿಡಿಸದಿದ್ದರೆ ಬೊಮ್ಮಣ್ಣನ ತಲೆ ಹೋಗುವುದು. ತಪ್ಪು ಹೇಳಿದವರ ತಲೆಯೂ ಹೋಗುವುದು.”

ಹೊಂಬಳಿಯ ಬೀದಿಬೀದಿಯಲ್ಲಿ ಹೀಗೆ ಡಂಗುರ ಸಾರಿದರು. ಕಾರಣ ಕೇಳಿದರೆ ಮೈ ಉರಿಯುತ್ತದೆ. ಪಟ್ಟಾಭಿಷೇಕದ ದಿನ ಚಂಡವರ್ಮ ದೊರೆ ಎದ್ದು ಕೈ ಎತ್ತಿ, “ನೋಡಿ ನಿಮ್ಮ ಒಡೆಯನನ್ನು” ಎಂದ. ದೊಡ್ಡ ಪರದೆಯ ಮೇಲೆ ಅವನ ಮುಖ ಬರಲಿಲ್ಲ. ಹಿಂದಿನ ದಿನ ದನದ ಪ್ರದರ್ಶನದಲ್ಲಿ ಗೆದ್ದ ಎಮ್ಮೆಯ ಚಿತ್ರ ಹಾಗೇ ನಿಂತಿತ್ತು. ಜನ ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ಅಷ್ಟಕ್ಕೆ ಒಬ್ಬನ ತಲೆ ತೆಗೆಯುವುದೇ?

ಹೀಗೇಕಾಯಿತೆಂದು ಕೇಳಿದಾಗ ಬೊಮ್ಮಣ್ಣ ತನ್ನ ಕೆಲಸದ ಮಾತಿನಲ್ಲಿ ಇದ್ದದ್ದನ್ನೇ ಹೇಳಿದ್ದ: “ಮನೆಗೆ ಒಂಬತ್ತು ಬಾಗಿಲು, ಕಿವಿ ಇರೋದು ಒಂದಕ್ಕೇ. ಹುಕುಂ ಕೇಳಿದ ಆಳು ಮೂರು ಎಣಿಸದೆ ಏಳೋದಿಲ್ಲ. ತಡ ಮಾಡಿದೋನು ಗುಂಡಿ ಹತ್ತಿರ ಇರಲೇ ಇಲ್ಲ.” ದೊರೆಗೆ ಅದು ಒಗಟಾಗಿ, ಅಣಕವಾಗಿ ಕೇಳಿಸಿತು.

ಮಾರನೆಯ ದಿನ ಮೊದಲು ಆಸ್ಥಾನ ಪಂಡಿತ ಬಂದ. “ಒಂಬತ್ತು ಬಾಗಿಲ ಮನೆಯೆಂದರೆ ಈ ದೇಹ, ಪ್ರಭು” ಎಂದ. ದೊರೆ, “ನಡೆಸಿ ತೋರಿಸು” ಎಂದ. ಪರದೆಯ ಎಮ್ಮೆ ಅಲುಗಲಿಲ್ಲ. ಆಮೇಲೆ ಜೋಯಿಸ ಬಂದು ಬಾಗಿಲೆಂದರೆ ನವಗ್ರಹ, ಆಳೆಂದರೆ ಶನಿ ಎಂದು ಸರ್ವರ್‌ಗೆ ಮಂಗಳಾರತಿ ಎತ್ತಿದ. ಅವನನ್ನೂ ಪಂಡಿತನ ಪಕ್ಕ ಕಟ್ಟಿಹಾಕಿದರು.

ಮಧ್ಯಾಹ್ನವಾಗುತ್ತ ಬಂದಾಗ ಬೊಮ್ಮಣ್ಣನ ತಂಗಿ ಮಾಳವ್ವ ಮುಂದೆ ಬಂದಳು. ಅದೇ ಸಭಾಂಗಣದಲ್ಲಿ ವೈರು ಎಳೆದು ಸುತ್ತಿಡುವ ಕೆಲಸ ಅವಳದು. ದೊರೆ, “ಪಂಡಿತರಿಗೇ ತಿಳಿಯದ್ದು ನಿನಗೇನು ಗೊತ್ತು?” ಎಂದ.

“ದಿನಾ ಮುಟ್ಟೋರಿಗೆ ಗೊತ್ತಿರ್ತದೆ ಬುದ್ಧಿ. ಆವತ್ತೇ ಕೇಳಿದ್ರೆ ಆಗ್ತಿತ್ತು” ಎಂದಳು. ಸರ್ವರ್‌ನ ಹಿಂಬದಿಗೆ ಹೋಗಿ ನಿಂತಳು. “ಒಂಬತ್ತು ಬಾಗಿಲಂದ್ರೆ ಸರ್ವರ್ ಹಿಂದಿರೋ ಒಂಬತ್ತು ಪೋರ್ಟು, ವೈರು ಚುಚ್ಚೋ ಕಿಂಡಿ. ಹುಕುಂ ತಗೊಳ್ಳೋಕೆ ನಾವು ಗೊತ್ತುಮಾಡಿರೋದು ಎರಡನೇದು. ರತ್ನಗಂಬಳಿ ಹಾಸೋಕೆ ನಿಮ್ಮೋರು ಗುಂಡಿಯ ವೈರು ಕಿತ್ತು ಮೂರನೇದಕ್ಕೆ ಚುಚ್ಚಿದ್ರು. ಅಣ್ಣ ಗುಂಡಿ ಎಷ್ಟು ಒತ್ತಿದ್ರೂ ಹುಕುಂ ಸರ್ವರ್‌ಗೆ ಮುಟ್ಟಲಿಲ್ಲ.” ಹಾಗೆನ್ನುತ್ತಲೇ ವೈರು ಕಿತ್ತು ಎರಡನೆಯದಕ್ಕೆ ಹಾಕಿದಳು.

“ಆಳು ಅಂದ್ರೆ ಇದೇ ಸರ್ವರ್. ಗುಂಡಿ ಒತ್ತಿದ ಮೇಲೆ ಚಿತ್ರ ಸಿದ್ಧ ಮಾಡ್ಕೊಳ್ಳೋಕೆ ಮೂರು ಎಣಿಸೋಷ್ಟು ಹೊತ್ತು ಬೇಕು. ಅದಕ್ಕೇ ಮುಂಚೆ ಒತ್ತಬೇಕು.”

“ತಡ ಮಾಡಿದವನು ಯಾರು?”

ತಪ್ಪು ಹೇಳಿದರೆ ಅಣ್ಣನ ಜೊತೆ ಅವಳ ತಲೆಯೂ ಹೋಗುತ್ತಿತ್ತು. ಸರಿ ಹೇಳಿದರೂ ಹೋಗಬಹುದಿತ್ತು.

“ನೀವು. ‘ನಾನು ಕೈ ಎತ್ತೋವರೆಗೂ ಒತ್ತಬೇಡ’ ಅಂತ ಅಪ್ಪಣೆ ಮಾಡಿದ್ದು ನೀವೇ. ವೈರು ಸರಿಯಿದ್ದಿದ್ರೂ ಮುಖ ತಡವಾಗೇ ಬರ್ತಿತ್ತು. ಈಗ ನಾನು ಎಣಿಸ್ತೀನಿ, ಮೂರಕ್ಕೆ ಕೈ ಎತ್ತಿ.”

ದೊರೆಯ ಮುಖ ಕೆಂಪಾಯಿತು. ಆದರೆ ಡಂಗುರ ಹೊಡೆಸಿದ್ದು ಅವನೇ, ಕೇಳಿದ್ದು ಇಡೀ ಊರು. ಮಾಳವ್ವ ಗುಂಡಿ ಒತ್ತಿ ಎಣಿಸಿದಳು. ಮೂರಕ್ಕೆ ದೊರೆಯ ಕೈ ಎದ್ದಿತು, ಅದೇ ಗಳಿಗೆಗೆ ಅವನ ಮುಖ ಪರದೆಯ ಮೇಲೆ ಬಂತು.

“ಏನು ಬೇಕು, ಕೇಳು.”

“ಅಣ್ಣನ್ನೂ ಈ ಇಬ್ಬರನ್ನೂ ಬಿಡಿ. ಆಮೇಲೆ ಅಣ್ಣನ ಮುಂದೆ ನಿಂತು ‘ತಪ್ಪು ನಂದು’ ಅನ್ನಿ.”

ಮೂವರ ಹಗ್ಗ ಬಿಚ್ಚಿದರು. ದೊರೆ ಬೊಮ್ಮಣ್ಣನ ಮುಂದೆ ನಿಂತು, ನೆಲ ನೋಡುತ್ತ ಏನೋ ಗೊಣಗಿದ.

“ಕೇಳಿಸಲಿಲ್ಲ” ಎಂದಳು ಮಾಳವ್ವ.

ದೊರೆ ಇನ್ನೊಮ್ಮೆ ಹೇಳಿದ, ಸಭೆಗೆಲ್ಲ ಕೇಳಿಸುವ ಹಾಗೆ.