ಕೃಷ್ಣೆಯ ಬಣ್ಣ

“ಗುರುಗಳೇ, ನಮ್ಮ ಕಲಾಶಾಲೆಗೆ ಯಾರು ಬೇಕಾದರೂ ಸೇರಬಹುದು. ಆದರೂ ಸಿದ್ದಿ ಮಕ್ಕಳು ಬಂದಷ್ಟೇ ಬೇಗ ಬಿಟ್ಟುಹೋಗುತ್ತಾರೆ. ಅವರಿಗೆ ಕಲೆಯಲ್ಲಿ ಶ್ರದ್ಧೆ ಇಲ್ಲವೇ?” ಎಂದು ಶಿಷ್ಯ ಕೇಳಿದ. ಅವನು ಆ ಶಾಲೆಯಲ್ಲಿ ಪಾಠ ಹೇಳುವವನು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನ ನಾಟಕಶಾಲೆಗೆ ಒಬ್ಬ ಸಿದ್ದಿ ಹುಡುಗಿ ಸೇರಿದಳು. ಎಂದೋ ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದವರ ವಂಶ ಅವಳದು. ಕಪ್ಪು ಮೈ, ಗುಂಗುರು ಕೂದಲು, ತುಂಬು ಕಂಠ. ಕನ್ನಡ ಅವಳಿಗೆ ನೀರು ಕುಡಿದಷ್ಟು ಸಲೀಸು. ಶಾಲೆಯ ಯಜಮಾನ ಅವಳಿಗೆ ಮೊದಲು ಹಿಡಿಂಬಿಯ ಪಾತ್ರ ಕೊಟ್ಟ. ಆಮೇಲೆ ತಾಟಕಿ, ಅದಾದ ಮೇಲೆ ಶೂರ್ಪನಖಿ. “ನಿನ್ನಿಂದ ಬಣ್ಣದ ಖರ್ಚು ಉಳೀತು ನೋಡು” ಎಂದು ನಗುತ್ತಿದ್ದ. ಜೊತೆಯವರೂ ನಗುತ್ತಿದ್ದರು. ಅವಳಿಗೆ ಮೈ ಉರಿಯುತ್ತಿತ್ತು. ಆದರೂ ಹಲ್ಲು ಕಚ್ಚಿಕೊಂಡು ರಕ್ಕಸಿಯಾಗಿ ಕುಣಿದಳು. ಒಮ್ಮೆ ದ್ರೌಪದಿಯಾಗಿ ಸಭೆಯ ನಡುವೆ ನಿಲ್ಲಬೇಕೆಂಬುದು ಅವಳ ಆಸೆ. ಆ ಪಾತ್ರದ ಮಾತೆಲ್ಲ ಅವಳಿಗೆ ಬಾಯಿಪಾಠ.

ಕೊನೆಗೂ ಶಾಲೆ ದ್ರೌಪದಿಯ ನಾಟಕ ಕೈಗೆತ್ತಿಕೊಂಡಿತು. ಅವಳು ಹೋಗಿ ಪಾತ್ರ ಕೇಳಿದಳು.

“ನಿಂಗೆ ಕಂಠ ಇದೆ, ಇಲ್ಲ ಅನ್ನಲ್ಲ. ಆದ್ರೆ ರಾಣಿ ಅಂದ್ರೆ ಜನ ಒಪ್ಪಬೇಕಲ್ಲಮ್ಮ” ಎಂದ ಯಜಮಾನ.

“ದ್ರೌಪದಿ ಕಪ್ಪಗಿದ್ಳು, ಅದಕ್ಕೇ ಅವಳಿಗೆ ಕೃಷ್ಣೆ ಅಂತ ಹೆಸರು ಅಂದವ್ರು ನೀವೇ ಅಲ್ವಾ?”

“ಅದು ಪುರಾಣ. ಇದು ನಾಟಕ.”

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಪಾತ್ರ ಊರ ಸಾಹುಕಾರನ ಮಗಳ ಪಾಲಾಯಿತು. ಆಕೆ ಹಾಲಿನಂಥ ಬಿಳುಪು.

ನಾಟಕದ ದಿನ ಯಜಮಾನನಿಗೆ ದಿಗಿಲು ಹತ್ತಿತು. ಕೃಷ್ಣೆ ಬೆಳ್ಳಗಿದ್ದರೆ ತಿಳಿದವರು ನಕ್ಕಾರು. ಕಾಡಿಗೆಗೆ ಎಣ್ಣೆ ಬೆರೆಸಿ ಆಕೆಯ ಮುಖಕ್ಕೂ ಕೈಗೂ ಬಳಿಸಿದ. ಬಣ್ಣ ಸಹಜವಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಸಿದ್ದಿ ಹುಡುಗಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ “ಕೈ ಚಾಚು” ಎಂದ. ಅವಳ ತೋಳನ್ನು ನೋಡಿ ನೋಡಿ, ಆ ಸಾಹುಕಾರನ ಮಗಳಿಗೆ ಇನ್ನಷ್ಟು ಕಾಡಿಗೆ ಹಚ್ಚಿಸಿದ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಅಲ್ಲಿದ್ದ ಒಬ್ಬರಿಗೂ ಹಾಗೆ ಅನ್ನಿಸಲಿಲ್ಲ.

ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. ಯಾರಿಗೂ ಏನೂ ಹೇಳದೆ ತನ್ನ ಊರಿಗೆ ಹೊರಟುಹೋದಳು. ಇತ್ತ ನಾಟಕ ಭರ್ಜರಿಯಾಗಿ ನಡೆಯಿತು. ದ್ರೌಪದಿಯ ಬಣ್ಣವನ್ನು ಜನ ಹೊಗಳಿದ್ದೇ ಹೊಗಳಿದ್ದು. ಬಿಟ್ಟುಹೋದ ಸಿದ್ದಿ ಹುಡುಗಿಗೆ ಶ್ರದ್ಧೆ ಇರಲಿಲ್ಲ ಎಂದು ಯಜಮಾನ ಆಮೇಲೆ ಎಲ್ಲರೆದುರು ಹೇಳಿದ.

ಶಿಷ್ಯ ತಲೆ ತಗ್ಗಿಸಿದ. “ಆ ಯಜಮಾನನಿಗೆ ಕಪ್ಪೆಂದರೆ ಅಷ್ಟೊಂದು ಅಸಹ್ಯವೇ, ಗುರುಗಳೇ?” ಎಂದ.

“ಇಲ್ಲಪ್ಪ, ಕಪ್ಪು ಅವನಿಗೆ ಬೇಕೇ ಬೇಕಿತ್ತು, ಆಟ ಮುಗಿದ ಮೇಲೆ ತೊಳೆದರೆ ಹೋಗುವಂಥದ್ದು.”