ಟೊಮಾಟೊ ಗಿಳಿ, ಟೊಮೇಟೊ ಗಿಳಿ

ಇದನ್ನು ನನಗೆ ಮೊದಲು ಹೇಳಿದವರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಫಿಲೋಮಿನಾ ಮೇಡಂ.

ಒಂದೇ ಪೊಟರೆಯಲ್ಲಿ ಹುಟ್ಟಿದ ಎರಡು ಗಿಳಿಗಳನ್ನು ಯಾರೋ ಹಿಡಿದು ಮಾರಿದರು. ಒಂದು ಲಂಡನ್ನಿನಲ್ಲಿದ್ದು ಬಂದವರ ಮನೆ ಸೇರಿತು, ಇನ್ನೊಂದು ಅಮೆರಿಕದಿಂದ ಮರಳಿದವರ ಮನೆ. ರಜೆಗೆ ಹೊರಟ ಎರಡೂ ಮನೆಯವರು ಅವನ್ನು ನೆರೆಮನೆಯ ಒಂದೇ ಪಂಜರದಲ್ಲಿ ಬಿಟ್ಟುಹೋದರು. ತಿನ್ನಲು ಹಣ್ಣಿನ ಹೋಳು ಬಿತ್ತು.

"ಟೊಮಾಟೊ," ಎಂದಿತು ಲಂಡನ್ ಗಿಳಿ.

"ಟೊಮೇಟೊ! ಬಾಯಲ್ಲಿ ಕಡುಬು ಇಟ್ಟುಕೊಂಡು ಮಾತಾಡ್ತೀಯಲ್ಲ!"

"ನಿನ್ನ ಹಾಗೆ ಮೂಗಲ್ಲಿ ಮಾತಾಡೋದಕ್ಕಿಂತ ವಾಸಿ."

ಅಷ್ಟರಲ್ಲಿ ಮನೆಯಾಕೆ ಪಂಜರ ತೊಳೆಯಲೆಂದು ಬಾಗಿಲು ತೆಗೆದು, ನೀರು ತರಲು ಒಳಗೆ ಹೋದಳು. ಮಕ್ಕಳನ್ನು ಹುಡುಕಿ ಊರೆಲ್ಲ ಅಲೆಯುತ್ತಿದ್ದ ತಾಯಿಗಿಳಿ ಕಾಂಪೌಂಡಿನ ಮೇಲೆ ಬಂದು ಕೂತು, ತನ್ನ ಕಾಡುಮಾತಿನಲ್ಲಿ ಕಿರುಚಿತು:

"ಮಕ್ಕಳಾ, ಬಾಗಿಲು ತೆಗೆದಿದೆ! ಹಾರಿ ಬನ್ನಿ!"

ಗಿಳಿಗಳು ಒಂದರ ಮುಖ ಒಂದು ನೋಡಿಕೊಂಡವು. "ಅಯ್ಯೋ, ಇದೆಂಥ ಉಚ್ಚಾರ!" ಎಂದು ಆ ದಿನ ಮೊದಲ ಸಲ ಒಟ್ಟಿಗೆ ನಕ್ಕವು. ನಗು ಮುಗಿಯುವಷ್ಟರಲ್ಲಿ ಪಂಜರ ತೊಳೆದಾಗಿತ್ತು, ಚಿಲಕವೂ ಬಿದ್ದಿತ್ತು. ತಾಯಿ ಇನ್ನೊಮ್ಮೆ ಕರೆಯಲಿಲ್ಲ.

ನೀವೂ ಇದನ್ನು ಇನ್ನೊಬ್ಬರಿಗೆ ಹೇಳಿ. ಕೇಳುವವರು ನಡುವೆ ನಿಮ್ಮ ಉಚ್ಚಾರ ತಿದ್ದಿದರೆ, ಅಲ್ಲಿಗೇ ನಿಲ್ಲಿಸಿ ಎದ್ದು ಬನ್ನಿ.