ಎರಡನೆಯ ಲ್ಯಾಪ್‌ಟಾಪ್

"ವೇದಿಕೆಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಲೋ, ಯಂತ್ರಗಳನ್ನೇ ತೆಗೆದುಕೊಂಡು ಹೋಗಲೋ, ಮೇಷ್ಟ್ರೇ? ಯಾವುದು ನಡುವೆ ಕೈಕೊಡುವುದಿಲ್ಲ?"

ಕೇಳಿದವಳು ಸನ್ಮತಿ. ವಿದ್ಯುತ್ ಯಂತ್ರಗಳಲ್ಲಿ ನಾದ ಹುಟ್ಟಿಸಿ ನುಡಿಸುವುದನ್ನು ಪದ್ಮರಾಜ ಮೇಷ್ಟ್ರ ಬಳಿ ನಾಲ್ಕು ವರ್ಷ ಕಲಿತಿದ್ದಳು. ನಾಡಿದ್ದು ಅವಳ ಮೊದಲ ಕಛೇರಿ. ಮೂರು ದಿನಗಳಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಕೈಕೊಟ್ಟರೆ ಏನಾಗುತ್ತದೆ?" ಎಂದರು ಮೇಷ್ಟ್ರು.

"ಸದ್ದು ನಿಂತುಹೋಗುತ್ತದೆ. ಇನ್ನೂರು ಜನ ನನ್ನ ಮುಖ ನೋಡುತ್ತಾರೆ."

"ನೋಡಲಿ ಬಿಡು. ಮುಖ ತೊಳೆದುಕೊಂಡು ಹೋದರಾಯಿತು."

ಅವಳು ನಗಲಿಲ್ಲ. ಮೇಷ್ಟ್ರೂ ತಮಾಷೆ ಬಿಟ್ಟು ಈ ಕತೆ ಹೇಳಿದರು.

ಒಬ್ಬ ವಾದಕನಿದ್ದ. ಅವನಲ್ಲಿ ಮೂರು ಯಂತ್ರಗಳಿದ್ದವು. ಒಂದು ಶ್ರುತಿ ಹಿಡಿಯುತ್ತಿತ್ತು, ಒಂದು ತಾಳ ಹಾಕುತ್ತಿತ್ತು, ಮೂರನೆಯದರಲ್ಲಿ ಅವನು ರಾಗ ನುಡಿಸುತ್ತಿದ್ದ. ಅವು ಹಳೆಯ ಯಂತ್ರಗಳು. ನಿನ್ನೆಯ ನಾದವನ್ನು ಇವತ್ತಿಗೆ ಉಳಿಸಿಕೊಡುತ್ತಿರಲಿಲ್ಲ. ಪ್ರತಿ ಸಲವೂ ವೈರು ಸಿಕ್ಕಿಸಿ, ಗುಂಡಿ ತಿರುಗಿಸಿ, ನಾದವನ್ನು ಹೊಸದಾಗಿ ಹುಡುಕಬೇಕಿತ್ತು.

ಅವನೊಡನೆ ಒಬ್ಬ ಗಾಯಕಿ ಹಾಡುತ್ತಿದ್ದಳು. ಹದಿನಾರು ವರ್ಷದ ಜೊತೆ. ಅವಳು ಜನರ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಅವನು ಅವಳ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಕೂರುತ್ತಿದ್ದ. ತಿರುಗಿ ನೋಡುವ ಅಗತ್ಯ ಅವಳಿಗೆ ಬೀಳುತ್ತಿರಲಿಲ್ಲ. ಅವನಿಗೆ ನಿದ್ದೆ ಸಾಲದಿದ್ದರೆ, ನೆಗಡಿಯಾಗಿದ್ದರೆ, ಮನೆಯಲ್ಲಿ ಮಾತಿಗೆ ಮಾತು ಬೆಳೆದಿದ್ದರೆ, ಅವನು ಗುಂಡಿ ತಿರುಗಿಸುವ ಬಗೆಯಿಂದಲೇ ಅವಳಿಗೆ ತಿಳಿಯುತ್ತಿತ್ತು.

ಒಂದು ಬೇಸಗೆಯಲ್ಲಿ ವೇದಿಕೆಯ ದೀಪಗಳ ಕಾವಿಗೆ ಶ್ರುತಿಯ ಯಂತ್ರ ಬಿಸಿಯಾಯಿತು. ಅಂಥ ಯಂತ್ರ ಬಿಸಿಯಾದರೆ ಶ್ರುತಿ ಜಾರುತ್ತದೆ. ಗಾಯಕಿ ತನ್ನ ದನಿಯನ್ನೂ ಅದರ ಹಿಂದೆಯೇ ಜಾರಿಸಿಕೊಂಡಳು. ಆಮೇಲೆ ಕರೆಂಟು ಕುಗ್ಗಿ ಮೂರೂ ಯಂತ್ರಗಳು ಒಟ್ಟಿಗೆ ಬಾಯಿ ಮುಚ್ಚಿದವು. ನಾಲ್ಕೈದು ಕ್ಷಣ, ಅಷ್ಟೇ. ಗಾಯಕಿ ತಿರುಗಿ ನೋಡಿದಳು, ಬರಿದನಿಯಲ್ಲೇ ಹಾಡು ಮುಂದುವರಿಸಿದಳು. ಅವನು ಯಂತ್ರಗಳನ್ನು ಎಬ್ಬಿಸಿ ಅವಳನ್ನು ಕೂಡಿಕೊಂಡ. ಆದರೆ ಆ ನಾಲ್ಕೈದು ಕ್ಷಣದಲ್ಲಿ ಮುಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದರು.

ಆ ನಗು ಅವನ ಕಿವಿ ಬಿಟ್ಟು ಹೋಗಲಿಲ್ಲ. ಸ್ನಾನ ಮಾಡುವಾಗ ಕೇಳುತ್ತಿತ್ತು, ಬಸ್ಸಿನಲ್ಲಿ ಕೂತಾಗ ಕೇಳುತ್ತಿತ್ತು. ಮುಂದಿನ ಕಛೇರಿಯಲ್ಲಿ ಅವನ ಬೆರಳು ಎರಡು ಕಡೆ ತಪ್ಪಿತು. ಅದರ ಮುಂದಿನದಕ್ಕೆ ಅವನು ಲ್ಯಾಪ್‌ಟಾಪ್ ತಂದ.

ಮೂರು ಯಂತ್ರಗಳ ನಾದವನ್ನೂ ಅದರೊಳಗೆ ತುಂಬಿದ. ಮೊದಮೊದಲು ಅದರಲ್ಲೂ ಬೆರಳಾಡಿಸಿ ನುಡಿಸುತ್ತಿದ್ದ. ಲ್ಯಾಪ್‌ಟಾಪ್ ಅದಕ್ಕೆ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಭಯ. ಬೆರಳು ತಪ್ಪಿದರೆ ಎಂದು ರಾಗದ ಭಾಗವನ್ನು ಮನೆಯಲ್ಲೇ ನುಡಿಸಿ ತುಂಬಿಟ್ಟ. ತಾಳ ಹಿಂದೆಮುಂದೆ ಆದರೆ ಎಂದು ತಾಳವನ್ನೂ ತುಂಬಿಟ್ಟ. ಕೊನೆಗೆ ಅವನಿಗೆ ಉಳಿದದ್ದು ಒಂದು ಕೀಲಿ ಒತ್ತುವ ಕೆಲಸ. ಆಮೇಲೆ ಹಾಡು ಮುಗಿಯುವವರೆಗೆ ಲ್ಯಾಪ್‌ಟಾಪಿನ ತೆರೆಯನ್ನು ನೋಡುತ್ತ, ತಲೆಯಾಡಿಸುತ್ತ ಕೂತಿರುತ್ತಿದ್ದ.

ಭಯ ಅಷ್ಟಕ್ಕೂ ತಣಿಯಲಿಲ್ಲ. ಕರೆಂಟು ಹೋದರೆ? ಅದಕ್ಕೆ ಬ್ಯಾಟರಿ ಜೋಡಿಸಿದ. ಲ್ಯಾಪ್‌ಟಾಪೇ ಕೆಟ್ಟುನಿಂತರೆ? ಇನ್ನೊಂದನ್ನು ತಂದು ಎರಡನ್ನೂ ಒಟ್ಟಿಗೆ ಓಡಿಸಿದ. ನಡುವೆ ಅಂಗೈಯಗಲದ ಒಂದು ಪೆಟ್ಟಿಗೆ ಇಟ್ಟ. ಮೊದಲನೆಯದು ನಿಂತರೆ ಆ ಪೆಟ್ಟಿಗೆ ರೆಪ್ಪೆ ಬಡಿಯುವುದರೊಳಗೆ ಎರಡನೆಯದರ ಸದ್ದನ್ನು ಹೊರಗೆ ಬಿಡುತ್ತಿತ್ತು. ಮನೆಯಲ್ಲಿ ಕೂತು ಮೊದಲನೆಯದರ ವೈರನ್ನು ಮತ್ತೆ ಮತ್ತೆ ಕಿತ್ತು ಪರೀಕ್ಷಿಸಿದ. ಒಮ್ಮೆಯೂ ಸದ್ದು ಕಡಿಯಲಿಲ್ಲ. ಪೆಟ್ಟಿಗೆಯ ಹಸಿರು ದೀಪ ಕೆಂಪಾಗುತ್ತಿತ್ತು, ಅಷ್ಟೇ.

ಗಾಯಕಿಗೂ ತೋರಿಸಿದ. ಕಣ್ಣು ಮುಚ್ಚಿಕೊಂಡು ಕೇಳು ಎಂದು ಹೇಳಿ ವೈರು ಕಿತ್ತ.

"ಯಾವಾಗ ಕಿತ್ತೆ, ಹೇಳು ನೋಡೋಣ."

"ಕಿತ್ತೆಯಾ?" ಎಂದಳು ಅವಳು.

"ಇನ್ನು ನಮ್ಮನ್ನು ನೋಡಿ ಯಾರೂ ನಗುವ ಹಾಗಿಲ್ಲ."

"ಅದು ಸರಿಯಪ್ಪ. ಆದರೆ ಈಚೆಗೆ ಹಾಡುವಾಗ ನನ್ನ ಹಿಂದೆ ಯಾರೂ ಇಲ್ಲವೇನೋ ಅನಿಸುತ್ತದೆ. ಹೋದ ವಾರ ನಿನಗೆ ಜ್ವರ ಇತ್ತಂತೆ. ನನಗೆ ಅದನ್ನು ಬೇರೆಯವರು ಹೇಳಬೇಕಾಯಿತು."

"ಜ್ವರ ಕೇಳಿಸಬಾರದು ಅಂತಲೇ ಇಷ್ಟೆಲ್ಲ ಮಾಡಿದ್ದು, ಮಾರಾಯ್ತಿ," ಎಂದು ಅವನು ನಕ್ಕ.

ಒಂದು ಸಂಜೆ ಸಭೆ ತುಂಬಿತ್ತು. ಅವನು ಕೀಲಿ ಒತ್ತಿದ. ಇಪ್ಪತ್ತೆರಡು ನಿಮಿಷದ ಹಾಡು ಹೊರಟಿತು. ಆರನೆಯ ನಿಮಿಷದಲ್ಲಿ ಅವನ ಬಲಗೈ ಮೇಜಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಎತ್ತಲು ನೋಡಿದ. ಬೇರೆ ಯಾರದೋ ಕೈ ತಂದಿಟ್ಟ ಹಾಗೆ ಅದು ಬಿದ್ದೇ ಇತ್ತು. ಏಳಲು ಹೋದ. ಬಲಗಾಲು ಅವನ ಮಾತು ಕೇಳಲಿಲ್ಲ. ಗಾಯಕಿಯನ್ನು ಕರೆಯಲು ಬಾಯಿ ತೆರೆದ. ನಾಲಿಗೆ ಹೊರಳಲಿಲ್ಲ. ಗಂಟಲಿನಿಂದ ಹೊರಟ ಸಣ್ಣ ಸದ್ದು ಅವನೇ ತುಂಬಿಟ್ಟಿದ್ದ ತಾಳದ ಅಡಿಯಲ್ಲಿ ಮುಳುಗಿತು.

ತೆರೆಯ ಮೇಲೆ ಹಾಡಿನ ಗೆರೆ ಒಂದೇ ವೇಗದಲ್ಲಿ ಸರಿಯುತ್ತಿತ್ತು. ಇನ್ನೂ ಹದಿನಾರು ನಿಮಿಷವಿತ್ತು.

ಇಷ್ಟು ವರ್ಷ ಅವನು ಸದ್ದು ನಿಂತರೆ ಎಂದು ಹೆದರಿದ್ದ. ಈಗ ನಿಲ್ಲದಿದ್ದರೆ ಎಂದು ಹೆದರಿದ. ನಿಂತರೆ ಅವಳು ತಿರುಗುತ್ತಾಳೆ. ನಾಲ್ಕೈದು ಕ್ಷಣ ಸಾಕು. ಯಾರು ಬೇಕಾದರೂ ನಗಲಿ. ಎಡಗೈಯನ್ನು ಮೇಜಿನ ಮೇಲೆ ತೆವಳಿಸಿದ. ಕೀಲಿ ಸಿಗಲಿಲ್ಲ, ಒಂದು ವೈರು ಸಿಕ್ಕಿತು. ಬೆರಳಿಗೆ ಸುತ್ತಿಕೊಂಡು ಇದ್ದಬದ್ದ ಶಕ್ತಿಯಿಂದ ಎಳೆದ. ಮೊದಲನೆಯ ಲ್ಯಾಪ್‌ಟಾಪಿನ ವೈರು ಕಿತ್ತುಬಂತು.

ಹಸಿರು ದೀಪ ಕೆಂಪಾಯಿತು. ಹಾಡು ಎಲ್ಲೂ ಕಡಿಯಲಿಲ್ಲ.

ಎರಡನೆಯ ಲ್ಯಾಪ್‌ಟಾಪ್ ಮೇಜಿನ ಬಲತುದಿಯಲ್ಲಿತ್ತು. ಎಡಗೈ ಅಲ್ಲಿಯವರೆಗೆ ಮುಟ್ಟಲಿಲ್ಲ.

ತಲೆ ಎದೆಗೆ ಬಾಗಿತು. ಕುರ್ಚಿಯ ಕೈಗಳು ಅವನನ್ನು ಬೀಳಗೊಡಲಿಲ್ಲ. ಕಣ್ಣು ತೆರೆದೇ ಇತ್ತು. ಮೇಜಿನ ಕೆಳಗಿನಿಂದ ಗಾಯಕಿಯ ಹಿಮ್ಮಡಿಗಳು ಕಾಣುತ್ತಿದ್ದವು. ತಾಳಕ್ಕೆ ಸರಿಯಾಗಿ ಒಂದು ಹಿಮ್ಮಡಿ ಏಳುತ್ತಿತ್ತು, ಇಳಿಯುತ್ತಿತ್ತು. ಅದು ತನ್ನ ಕಡೆಗೆ ಹೊರಳಲಿ ಎಂದು ಅವನು ಕಾಯುತ್ತಿದ್ದ. ಅಷ್ಟರಲ್ಲಿ ರಾಗದ ಭಾಗ ಬಂತು. ಅದನ್ನು ಅವನು ಮನೆಯಲ್ಲಿ ಒಂಬತ್ತು ಸಲ ನುಡಿಸಿ, ಎಂಟನ್ನು ಅಳಿಸಿ, ಒಂದನ್ನು ಉಳಿಸಿಕೊಂಡಿದ್ದ. ಅದರಲ್ಲಿ ಅವನ ಎರಡೂ ಕೈಗಳು ಚುರುಕಾಗಿದ್ದವು.

ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರಿಗೆ, "ನೋಡ್ರೀ, ಹೇಗೆ ಮೈಮರೆತು ಕೂತಿದ್ದಾನೆ," ಎಂದರು.

ಹಾಡು ಮುಗಿಯಬೇಕಾದ ಗಳಿಗೆಗೆ ಸರಿಯಾಗಿ ಮುಗಿಯಿತು. ಚಪ್ಪಾಳೆ ಎದ್ದಿತು. ಗಾಯಕಿ ವಾಡಿಕೆಯಂತೆ ಕೈಯನ್ನು ಹಿಂದಕ್ಕೆ ಚಾಚಿ ಅವನನ್ನು ಜನಕ್ಕೆ ತೋರಿಸಿದಳು. ಚಪ್ಪಾಳೆ ಮತ್ತೂ ಜೋರಾಯಿತು. ಅವನು ಏಳದಿದ್ದಾಗ ಅವಳು ತಿರುಗಿದಳು.

ಆಸ್ಪತ್ರೆಯಲ್ಲಿ ವೈದ್ಯರು, "ಕಾಲು ಗಂಟೆ ಮೊದಲೇ ತಂದಿದ್ದರೆ," ಎಂದು ಹೇಳಿ ಅಲ್ಲಿಗೇ ಮಾತು ನಿಲ್ಲಿಸಿದರು. ಮೂರನೆಯ ದಿನ ಅವನು ತೀರಿಕೊಂಡ.

ಆ ಸಂಜೆಯ ಹಾಡನ್ನು ಯಾರೋ ಧ್ವನಿಮುದ್ರಿಸಿದ್ದರು. ಗಾಯಕಿ ಅದನ್ನು ತರಿಸಿಕೊಂಡಳು. ಯಾವ ಗಳಿಗೆಯಲ್ಲಿ ಅವನ ಕೈ ಬಿತ್ತು, ಆಗ ತಾನು ಯಾವ ಸಾಲು ಹಾಡುತ್ತಿದ್ದೆ ಎಂದು ಅವಳಿಗೆ ತಿಳಿಯಬೇಕಿತ್ತು. ಒಂದು ವರ್ಷ ಕೇಳಿದಳು. ಹಾಡಿನಲ್ಲಿ ಆ ಜಾಗ ಅವಳಿಗೆ ಸಿಗಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಸನ್ಮತಿ ತನ್ನ ಕೈಗಳನ್ನು ಮಡಿಲಿನಲ್ಲಿ ಹಿಡಿದುಕೊಂಡು ಕೂತಿದ್ದಳು. ಸಣ್ಣ ದನಿಯಲ್ಲಿ ಕೇಳಿದಳು:

"ಹಾಗಾದರೆ ಲ್ಯಾಪ್‌ಟಾಪ್ ಬೇಡ ಅನ್ನುತ್ತೀರಾ?"

"ಯಾವುದನ್ನಾದರೂ ತೆಗೆದುಕೊಂಡು ಹೋಗು. ಹಾಡನ್ನು ಮಾತ್ರ ನೀನಿಲ್ಲದಿದ್ದರೆ ನಿಲ್ಲುವ ಹಾಗೆ ಕಟ್ಟು."